ಮೂರು ಗಂಟೆ ಸಿನಿಮಾದಲ್ಲಿ ಮುಕ್ಕಾಲು ಗಂಟೆ ಮಾಯ! ಕತ್ತರಿ ಬಿದ್ದ ಪೋಲಿ ಕಾಮಿಡಿ ನೋಡಿ ಹೊಟ್ಟೆ ಉರಿದವರು ಇನ್ಯಾರಿದ್ದೀರಿ?

ಕುಡ್ಲದ_ಪೋಕ್ರಿ:
ಹಳೇ ಬೇಜಾರು ಮಾರಾಯ್ರೆ, ಹೋದ ಶನಿವಾರ ಮತ್ತೆ ಹೊಸದಾಯ್ತು. ಅದಕ್ಕೇ ಇಲ್ಲಿ ತೋಡಿಕೊಳ್ಳುತ್ತಿದ್ದೇನೆ.

2014ರ ಜನವರಿ. ನಾನು ಆಗ ದುಬೈನಲ್ಲಿದ್ದೆ. ಕರಾಮಾದಲ್ಲಿ ಒಂದು ರೂಮು, ನಾಲ್ಕು ಮಂಚ. ಮೂವರು ಮಂಗಳೂರಿನವರು, ಒಬ್ಬ ಉಡುಪಿಯವ. 'ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್' ಬಂದಿತ್ತು. ನಿರ್ದೇಶಕ ಸ್ಕಾರ್ಸೆಸಿ, ಹೀರೋ ಡಿಕಾಪ್ರಿಯೊ, ಅದರ ಮೇಲೆ ಪೋಲಿತನಕ್ಕೆ ಲಂಗುಲಗಾಮಿಲ್ಲ ಅಂತ ಎಲ್ಲ ಕಡೆ ಸುದ್ದಿ. ಶುಕ್ರವಾರ ರಜೆ. ಬಿರಿಯಾನಿ ತಿಂದು, ಇದ್ದುದರಲ್ಲಿ ಒಳ್ಳೆ ಶರ್ಟು ಹಾಕಿಕೊಂಡು ಹೋದೆವು.

ಡಿಕಾಪ್ರಿಯೊ ಬಾಯಿ ತೆರೆಯುತ್ತಾನೆ, ಶಬ್ದ ಇಲ್ಲ. ಮುಚ್ಚುವ ಹೊತ್ತಿಗೆ ಶಬ್ದ ಬರುತ್ತದೆ. ಥೇಟ್ ಅಕ್ವೇರಿಯಂ ಮೀನು. ಪಾರ್ಟಿಗೆ ಬಾಗಿಲು ತೆರೆಯುತ್ತದೆ, ಮರುಕ್ಷಣ ಎಲ್ಲರೂ ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದಾರೆ. ನನ್ನ ಪಕ್ಕದವ ನಿದ್ದೆ ಬಂತಾ ಅಂತ ಕಣ್ಣು ಉಜ್ಜಿಕೊಂಡ. ನಿದ್ದೆ ಅಲ್ಲ ಅದು, ಕತ್ತರಿ. 179 ನಿಮಿಷದ ಸಿನಿಮಾ ಎರಡೂ ಕಾಲು ಗಂಟೆಗೆ ಮುಗಿದುಹೋಯಿತು. ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡಿದ್ದರು.

ಈಗ ಊರಿಗೆ ವಾಪಸ್ ಬಂದಿದ್ದೇನೆ. ಶನಿವಾರ ರಾತ್ರಿ ಮನೆಯಲ್ಲಿ ಕೂತು ಪೂರ್ತಿ ನೋಡಿದೆ. ಅಲ್ಲ ಮಾರಾಯ್ರೆ, ಇದು ಬೇರೆಯೇ ಸಿನಿಮಾ! ದುಬೈನಲ್ಲಿ ನೋಡಿದ್ದರಲ್ಲಿ ಅವನು ಚುರುಕು ಸೇಲ್ಸ್‌ಮ್ಯಾನ್. ಬಡತನದಿಂದ ಮೇಲೆ ಬಂದ, ದೊಡ್ಡ ಕಂಪನಿ ಕಟ್ಟಿದ, ಕೊನೆಗೆ ಯಾಕೋ ಪೊಲೀಸರು ಹಿಡಿದರು, ಅಯ್ಯೋ ಪಾಪ. ಪೂರ್ತಿ ನೋಡಿದರೆ ಅವನೊಬ್ಬ ಲಫಂಗ, ಅಮಲಿನಲ್ಲಿ ಹೆಂಡತಿ ಮಕ್ಕಳನ್ನೂ ಬಿಡದವನು. ಅವನ ಚಟಗಳನ್ನೆಲ್ಲ ತೆಗೆದುಹಾಕಿ ದುಡ್ಡು ಮಾಡಿದ್ದನ್ನು ಮಾತ್ರ ಉಳಿಸಿದ್ದರು. ಅವತ್ತು ಹೊರಗೆ ಬರುವಾಗ ನಮ್ಮ ಉಡುಪಿ ಹುಡುಗ, "ನಾನೂ ಷೇರು ಬಿಸಿನೆಸ್ ಶುರು ಮಾಡ್ತೇನೆ" ಅಂದಿದ್ದ. ಸತ್ಯವಾಗಿ!

ನಿಮಗೂ ಹೀಗೆ ಆಗಿದೆಯಾ? ಇನ್ನೊಂದು ಪ್ರಶ್ನೆ. ಇಷ್ಟು ನಿಮಿಷ ಕತ್ತರಿಸಿದ್ದೇವೆ ಅಂತ ಟಿಕೆಟ್ ಮೇಲೆ ಯಾಕೆ ಹಾಕಬಾರದು? ಹಾಲಿಗೆ ನೀರು ಬೆರೆಸಿದರೆ ಕೇಸು ಹಾಕುತ್ತಾರಲ್ಲ.

ಜಯನಗರದ_ಜಂಭ:
ನೀವು ನೋಡಿದ್ದು ಸಿನಿಮಾ ಅಲ್ಲ ಸಾರ್, ಉದ್ದನೆಯ ಟ್ರೇಲರ್.

ರೀಲ್_ರಂಗ:
ಇವರು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಯುಎಇಯಲ್ಲಿ ಆ ಸಿನಿಮಾದಿಂದ ಸುಮಾರು 45 ನಿಮಿಷ ಹೋಗಿದೆ ಅಂತ ಆಗ ಪತ್ರಿಕೆಗಳಲ್ಲೇ ಬಂದಿತ್ತು. ಅದರಲ್ಲಿ ಎಫ್ ಅಕ್ಷರದ ಬೈಗುಳವೇ 500ಕ್ಕೂ ಹೆಚ್ಚು ಸಲ ಇದೆ. ಒಂದೊಂದನ್ನೂ ಮ್ಯೂಟ್ ಮಾಡಿದರೆ ಮೂಕಿ ಚಿತ್ರ ಆಗದೆ ಇನ್ನೇನಾಗುತ್ತದೆ? ಕೀನ್ಯಾ, ಮಲೇಷ್ಯಾದಲ್ಲಿ ಬಿಡುಗಡೆಯನ್ನೇ ತಡೆದರು. ಒಂದು ಲೆಕ್ಕದಲ್ಲಿ ಅದೇ ಮರ್ಯಾದೆ. ತೋರಿಸಲ್ಲ ಅಂದ್ರೆ ತೋರಿಸಲ್ಲ, ಅಷ್ಟೇ. ಅರ್ಧಂಬರ್ಧ ತೋರಿಸಿ ದುಡ್ಡು ಕಿತ್ತುಕೊಳ್ಳಲಿಲ್ಲ.

ಆದರೆ ನಿಮಗೊಂದು ಕೆಟ್ಟ ಸುದ್ದಿ. ಶನಿವಾರ ನೋಡಿದ್ದು 'ಪೂರ್ತಿ' ಅಂದುಕೊಂಡಿದ್ದೀರಲ್ಲ, ಅದೂ ಕತ್ತರಿ ಕಂಡದ್ದೇ. ಅಮೆರಿಕದಲ್ಲಿ ಎನ್‌ಸಿ-17 ಅಂತ ದೊಡ್ಡವರಿಗೆ ಮಾತ್ರ ಅನ್ನುವ ಒಂದು ವರ್ಗ ಇದೆ. ಅದು ಸಿಕ್ಕರೆ ಬಹಳಷ್ಟು ಥಿಯೇಟರ್‌ಗಳು ಸಿನಿಮಾ ಹಾಕುವುದೇ ಇಲ್ಲ. ಅದರಿಂದ ತಪ್ಪಿಸಿಕೊಂಡು ಒಂದು ಮೆಟ್ಟಿಲು ಕೆಳಗಿನ 'ಆರ್' ವರ್ಗ ಪಡೆಯಲು ಸ್ಕಾರ್ಸೆಸಿ ತಾನೇ ಒಂದಷ್ಟು ಟ್ರಿಮ್ ಮಾಡಿದ್ದ.

ಕುಡ್ಲದ_ಪೋಕ್ರಿ:
@ರೀಲ್_ರಂಗ ಇದನ್ನು ಯಾಕೆ ಹೇಳಿದ್ರಿ ಮಾರಾಯ್ರೆ? ನಾಲ್ಕು ದಿನ ಖುಷಿಯಾಗಿದ್ದೆ.

ಶಾರ್ಜಾ_ಶೆಟ್ರು:
ಈಗ ಇಲ್ಲಿ ಪರಿಸ್ಥಿತಿ ಬದಲಾಗಿದೆ. 2021ರ ಡಿಸೆಂಬರ್‌ನಲ್ಲಿ 21+ ಅಂತ ಹೊಸ ವರ್ಗ ಮಾಡಿದರು. ಹೊರದೇಶದಲ್ಲಿ ಹೇಗಿದೆಯೋ ಹಾಗೇ ತೋರಿಸುತ್ತೇವೆ ಅಂತ ಘೋಷಣೆಯೂ ಆಯಿತು. ಬಾಗಿಲಲ್ಲಿ ಐಡಿ ಕೇಳುತ್ತಾರೆ. ನನ್ನ ತಲೆ ಪೂರ್ತಿ ನೆರೆತಿದೆ, ಆದರೂ ಕೇಳಿದರು. ಮನಸ್ಸಿಗೆ ಒಂಥರಾ ಹಿತ ಆಯಿತು.

ಬಸವನಗುಡಿ_ಬೋಂಡಾ:
ಘೋಷಣೆ ಆಯಿತು ಸರಿ. ಅದಾಗಿ ಆರೇ ತಿಂಗಳಿಗೆ, 2022ರಲ್ಲಿ, 'ಲೈಟ್‌ಇಯರ್' ಅಂತ ಮಕ್ಕಳ ಕಾರ್ಟೂನ್ ಸಿನಿಮಾನೇ ಅಲ್ಲಿ ಬಿಡಲಿಲ್ಲ. ಅದರಲ್ಲಿ ಇದ್ದದ್ದು ಇಬ್ಬರು ಹೆಂಗಸರ ಒಂದು ಸಣ್ಣ ಮುತ್ತು.

ಶಾರ್ಜಾ_ಶೆಟ್ರು:
ಅದು ಬೇರೆ ವಿಷಯ.

ಬಸವನಗುಡಿ_ಬೋಂಡಾ:
ಯಾವಾಗಲೂ ಬೇರೆ ವಿಷಯವೇ ಆಗಿರುತ್ತದೆ ಶೆಟ್ರೇ.

ಆಪರೇಟರ್_ತುಮಕೂರು:
ಟಿಕೆಟ್ ಮೇಲೆ ಯಾಕೆ ಹಾಕಬಾರದು ಅಂತ ಕೇಳಿದಿರಿ. ನಮ್ಮ ದೇಶದಲ್ಲಿ ಅದಕ್ಕೊಂದು ಗುರುತು ಇದೆ, ಯಾರೂ ನೋಡಲ್ಲ ಅಷ್ಟೇ. ಸಿನಿಮಾ ಶುರುವಾಗುವ ಮೊದಲು ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ಲ, ಅದರ ಎಡಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ ಇದ್ದರೆ ಕತ್ತರಿ ಬಿದ್ದಿದೆ ಅಂತ ಅರ್ಥ. ಎಲ್ಲಿ ಏನು ಹೋಯಿತು ಅನ್ನುವ ಪಟ್ಟಿ ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿರುತ್ತದೆ. ನಾನು 19 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಆ ತ್ರಿಕೋನ ಏನು ಅಂತ ಒಬ್ಬನೇ ಒಬ್ಬ ಪ್ರೇಕ್ಷಕ ಕೇಳಲಿಲ್ಲ. ಫ್ಯಾನ್ ಯಾಕೆ ತಿರುಗ್ತಿಲ್ಲ ಅಂತ ದಿನಾ ಕೇಳೋರು.

ಇನ್ನೊಂದು ಮಾತು. ಕತ್ತರಿಸಿದ್ದರ ಕಥೆ ನೀವೆಲ್ಲ ಹೇಳುತ್ತಿದ್ದೀರಿ. ಸೇರಿಸಿದ್ದರ ಕಥೆ ಗೊತ್ತಾ? ನಾನು ಕೆಲಸ ಕಲಿತ ಟಾಕೀಸಿನಲ್ಲಿ (ಊರು ಬೇಡ, ಹೆಸರೂ ಬೇಡ) ಬೆಳಗಿನ ಆಟಕ್ಕೆ 'ಬಿಟ್' ಹಾಕೋರು. ಬೇರೆ ಯಾವುದೋ ಸಿನಿಮಾದ ಮೂರು ನಾಲ್ಕು ನಿಮಿಷದ ತುಂಡು, ಬಿಸ್ಕತ್ತಿನ ಡಬ್ಬಿಯಲ್ಲಿ ಸುತ್ತಿಟ್ಟಿರುತ್ತಿತ್ತು. ಇಂಟರ್‌ವಲ್ ಆದ ಮೇಲೆ ನಮ್ಮ ಸೀನಿಯರ್ ಹಲ್ಲಲ್ಲೇ ಟೇಪು ಕಚ್ಚಿ ಹರಿದು ರೀಲಿಗೆ ಅಂಟಿಸೋರು. ಮೇಲೆ ನಡೀತಿರೋದು ಭಕ್ತಿಯ ಸಿನಿಮಾನೋ ಹೊಡೆದಾಟದ್ದೋ, ಬಿಟ್‌ಗೆ ಅದೆಲ್ಲ ಲೆಕ್ಕ ಇಲ್ಲ. ಆಟ ಮುಗಿದ ತಕ್ಷಣ ಬಿಚ್ಚಿ ಮತ್ತೆ ಡಬ್ಬಿಗೆ. ಒಂದು ಸಲ ಬಿಚ್ಚೋದು ಮರೆತೇಹೋಯಿತು. ಮ್ಯಾಟಿನಿಗೆ ಹೆಂಗಸರು ಮಕ್ಕಳೆಲ್ಲ ಬಂದು ಕೂತಿದ್ದಾರೆ. ಸೀನಿಯರ್‌ಗೆ ನೆನಪಾಗಿದ್ದು ಬಿಟ್ ಬರೋಕೆ ಅರ್ಧ ನಿಮಿಷ ಇರುವಾಗ. ಏನು ಮಾಡಿದರು ಹೇಳಿ? ಲೆನ್ಸ್‌ಗೆ ತಮ್ಮ ಟವೆಲ್ ಅಡ್ಡ ಹಿಡಿದು, "ಕರೆಂಟು ಹೋಯ್ತು" ಅಂತ ಕೂಗಿದರು. ಫ್ಯಾನ್ ತಿರುಗ್ತಾನೇ ಇತ್ತು!

ಜಯನಗರದ_ಜಂಭ:
ಫ್ಯಾನ್ ತಿರುಗಿದ ಒಂದೇ ದಿನ ಅದಿರಬೇಕು 😂

ಸಾಗರದ_ಸೊಸೆ:
@ಆಪರೇಟರ್_ತುಮಕೂರು ಸರ್, ನಕ್ಕು ನಕ್ಕು ಕಾಫಿ ಚೆಲ್ಲಿದೆ.

ನಿಯಮ_ನಾಗರಾಜ:
ಸಣ್ಣ ತಿದ್ದುಪಡಿ. ಎಲ್ಲರೂ 'ಸೆನ್ಸಾರ್ ಬೋರ್ಡ್' ಅನ್ನುತ್ತಿದ್ದೀರಿ. 1983ರಲ್ಲೇ ಆ ಹೆಸರು ಹೋಯಿತು. ಈಗ ಅದು ಚಲನಚಿತ್ರ ಪ್ರಮಾಣೀಕರಣ ಮಂಡಳಿ. ಬೆಂಗಳೂರು ಸೇರಿ ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ. 2023ರ ತಿದ್ದುಪಡಿಯ ನಂತರ ಯು/ಎ ವರ್ಗವನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ.

ಬಸವನಗುಡಿ_ಬೋಂಡಾ:
ಬೋರ್ಡ್ ಹೆಸರು ಬದಲಾಯಿತು. ಕತ್ತರಿ ಬದಲಾಯಿತಾ?

ನಿಯಮ_ನಾಗರಾಜ:
ಅದು ನನ್ನ ವ್ಯಾಪ್ತಿಗೆ ಬರಲ್ಲ.

ಸಾಗರದ_ಸೊಸೆ:
ನನ್ನ ದೂರು ಟಿವಿ ಮೇಲೆ. ಇಂಗ್ಲಿಷ್ ಕಾಮಿಡಿಗಳನ್ನು ಟಿವಿಯಲ್ಲಿ ನೋಡುವುದು ಅಂದರೆ ಖಾರ ಇಲ್ಲದ ಮಂಡಕ್ಕಿ ತಿಂದ ಹಾಗೆ. ಮಾತು ಮ್ಯೂಟ್ ಮಾಡುತ್ತಾರೆ, ಸರಿ. ಕೆಳಗೆ ಬರುವ ಅಕ್ಷರಗಳಲ್ಲೂ ನಕ್ಷತ್ರ. ನಮ್ಮ ಅತ್ತೆಗೆ ಇಂಗ್ಲಿಷ್ ಓದಲು ಬರುತ್ತದೆ, ಕೇಳಿದರೆ ಅರ್ಥ ಆಗಲ್ಲ. ಹಾಗಾಗಿ ಅವರು ಪೂರ್ತಿ ಅಕ್ಷರದ ಮೇಲೇ ಕಣ್ಣಿಟ್ಟಿರುತ್ತಾರೆ. ಒಂದು ಮದುವೆ ಮನೆ ಗಲಾಟೆಯ ಸಿನಿಮಾ ಬರ್ತಿತ್ತು. ಒಂದೇ ಸಾಲಿನಲ್ಲಿ ಮೂರು ಕಡೆ ನಕ್ಷತ್ರ ಬಂತು. ಅತ್ತೆ ಕನ್ನಡಕ ಸರಿ ಮಾಡಿಕೊಂಡು, "ಇಲ್ಲಿ ಏನು ಬರಬೇಕಿತ್ತೇ?" ಅಂತ ಕೇಳಿದರು. ಹಾಗೇ ಬಿಟ್ಟಿದ್ದರೆ ಒಂದು ಸೆಕೆಂಡಿನಲ್ಲಿ ದಾಟಿಹೋಗುತ್ತಿತ್ತು. ಈಗ ನಾನೇ ಬಿಡಿಸಿ ಹೇಳಬೇಕು! "ಬೈಗುಳ ಅತ್ತೆ" ಅಂದೆ. "ಯಾವ ಬೈಗುಳ?" ಅಂದರು. ನಾನು ಹಾಲು ಉಕ್ಕುತ್ತಿದೆ ಅಂತ ಎದ್ದು ಹೋದೆ. ಒಲೆ ಮೇಲೆ ಹಾಲೇ ಇರಲಿಲ್ಲ.

ಗಾಂಧಿನಗರ_ಗುರು:
ಟಿವಿಯವರನ್ನೇ ಬೈಯಬೇಡಿ, ಅದರ ಹಿಂದೆ ದುಡ್ಡಿನ ಲೆಕ್ಕ ಇದೆ. ನಾನು ಎಡಿಟಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವವನು. 'ಎ' ಸರ್ಟಿಫಿಕೇಟ್ ಇರುವ ಸಿನಿಮಾ ಟಿವಿಯಲ್ಲಿ ಹಾಕುವ ಹಾಗಿಲ್ಲ. ಯು ಅಥವಾ ಯು/ಎ ಬೇಕೇ ಬೇಕು. 'ಎ' ಸಿಕ್ಕರೆ ಮತ್ತೆ ಕತ್ತರಿಸಿಕೊಂಡು ಮತ್ತೆ ಬೋರ್ಡ್ ಮುಂದೆ ನಿಲ್ಲಬೇಕು. ಸ್ಯಾಟಲೈಟ್ ರೈಟ್ಸ್ ಮಾರದಿದ್ದರೆ ಸಣ್ಣ ನಿರ್ಮಾಪಕ ಮುಳುಗಿದ ಹಾಗೇ. ಅದಕ್ಕೇ ಎಷ್ಟೋ ಜನ ಬೋರ್ಡ್‌ಗೆ ಹೋಗುವ ಮೊದಲೇ ತಾವೇ ಕತ್ತರಿಸಿಕೊಂಡಿರುತ್ತಾರೆ. ಆ ಕಟ್ಟು ಯಾವ ಪಟ್ಟಿಯಲ್ಲೂ ಬರಲ್ಲ, ಯಾವ ತ್ರಿಕೋನವೂ ಇರಲ್ಲ.

ಕಾಮಿಡಿಯಲ್ಲಿ ಕಟ್ಟು ಬಿದ್ದರೆ ಏನಾಗುತ್ತದೆ ಅಂತ ನಮ್ಮ ಟೇಬಲ್ ಮೇಲೆ ದಿನಾ ನೋಡುತ್ತೇನೆ. ಹೊಡೆದಾಟದ ದೃಶ್ಯದಲ್ಲಿ ಎರಡು ಏಟು ತೆಗೆದರೆ ಗೊತ್ತಾಗಲ್ಲ. ಜೋಕಿನಲ್ಲಿ ಹಾಗಲ್ಲ. ಒಬ್ಬ ಮಾತು ಮುಗಿಸುತ್ತಾನೆ, ಇನ್ನೊಬ್ಬ ಅರ್ಧ ಸೆಕೆಂಡು ಸುಮ್ಮನಿರುತ್ತಾನೆ, ಆಮೇಲೆ ಅವನ ಮುಖ. ನಗು ಇರುವುದು ಆ ಅರ್ಧ ಸೆಕೆಂಡಿನಲ್ಲಿ. ಪೋಲಿ ಮಾತು ತೆಗೆಯುವಾಗ ಅದೂ ಜೊತೆಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಸುಮ್ನೆ ಒಂದು ಮುಖ. ಜನ ನಗಲ್ಲ. ವಿಮರ್ಶಕರು 'ನಿರೂಪಣೆ ಸಡಿಲ' ಅಂತ ಬರೆಯುತ್ತಾರೆ. ಬೈಸಿಕೊಳ್ಳುವವನು ಎಡಿಟರ್.

ಮೂರು_ಮಕ್ಕಳ_ತಂದೆ:
ಎಲ್ಲರೂ ಕತ್ತರಿಯನ್ನೇ ಬೈಯುತ್ತಿದ್ದೀರಿ. ಸಂಸಾರದ ಜೊತೆ ಕೂತು ನೋಡುವವರ ಕಷ್ಟ ಯಾರಿಗೂ ಬೇಡವಾ? ಹೊಲಸು ತೆಗೆದರೆ ಸಿನಿಮಾಕ್ಕೆ ಏನು ನಷ್ಟ?

ಜಯನಗರದ_ಜಂಭ:
ಪೋಲಿ ಸಿನಿಮಾದಿಂದ ಪೋಲಿತನ ತೆಗೆದರೆ ಉಳಿಯೋದು ಟೈಟಲ್ ಕಾರ್ಡ್ ಸಾರ್.

ಗಾಂಧಿನಗರ_ಗುರು:
ಸಾರ್, ಅದಕ್ಕೇ ಅಲ್ವಾ 'ಎ' ಅಂತ ಹಾಕೋದು? ದೊಡ್ಡವರಿಗೆ ಮಾತ್ರ ಅಂತ ಬಾಗಿಲಲ್ಲಿ ಬರೆದ ಮೇಲೆ, ಒಳಗೆ ಕೂತ ದೊಡ್ಡವರನ್ನೂ ಮಕ್ಕಳ ಹಾಗೆ ನೋಡಿದರೆ ಏನರ್ಥ? ಎರಡರಲ್ಲಿ ಒಂದು ಮಾಡಲಿ.

ಮೂರು_ಮಕ್ಕಳ_ತಂದೆ:
ಬಾಗಿಲಲ್ಲಿ ತಡೆಯುತ್ತಾರೆ ಅಂತ ಯಾರು ಹೇಳಿದ್ದು? ಕೆಲವು ಕಡೆ ಆರು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದವರನ್ನೂ ಬಿಡುತ್ತಾರೆ. ನನ್ನ 17 ವರ್ಷದ ಮಗನನ್ನು ಮಾತ್ರ ಒಂದು ಮಾಲ್‌ನಲ್ಲಿ ವಾಪಸ್ ಕಳಿಸಿದರು. ನಾನೇ ಅವನ ಅಪ್ಪ, ಪಕ್ಕದಲ್ಲೇ ನಿಂತಿದ್ದೆ!

ರೀಲ್_ರಂಗ:
ಒಂದು ನಿಮಿಷ. ಈಗಷ್ಟೇ ಹೊಲಸು ಕತ್ತರಿಸಬೇಕು ಅಂದಿರಿ. ಮಗನನ್ನು 'ಎ' ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದು ನೀವೇನಾ?

ಮೂರು_ಮಕ್ಕಳ_ತಂದೆ:
ಅದು ಬೇರೆ ವಿಷಯ.

ಬಸವನಗುಡಿ_ಬೋಂಡಾ:
ಶೆಟ್ರೇ, ನಿಮಗೆ ಜೊತೆ ಸಿಕ್ಕರು.

ಹಳೇ_ಹಾಸನ:
ಈ ಇಂಗ್ಲಿಷಿನವರಿಗೆ ಪೋಲಿ ಮಾತಾಡಲು ಬರಲ್ಲ, ಅದೇ ತೊಂದರೆ. ನೇರವಾಗಿ ಬೈಗುಳ ಹಾಕುತ್ತಾರೆ, ಸಿಕ್ಕಿಬೀಳುತ್ತಾರೆ. ನಮ್ಮ ಕಾಶೀನಾಥ್ ನೋಡಿ. 1984ರಲ್ಲಿ 'ಅನುಭವ' ಬಂದಾಗ ನಾನು ಪಿಯುಸಿ. ಮನೆಯಲ್ಲಿ ಟ್ಯೂಷನ್ ಅಂತ ಹೇಳಿ ಹೋಗಿದ್ದೆ. ಒಳಗೆ ನೋಡಿದರೆ ಎರಡು ಸಾಲು ಮುಂದೆ ಟ್ಯೂಷನ್ ಮೇಷ್ಟ್ರು! ಇಬ್ಬರೂ ಜೀವಮಾನದಲ್ಲಿ ಆ ವಿಷಯ ಎತ್ತಲಿಲ್ಲ. ಆ ವರ್ಷ ನನಗೆ ಲೆಕ್ಕದಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅನ್ನೋದು ಬೇರೆ ಮಾತು.

ನಾನು ಹೇಳಬೇಕೆಂದಿದ್ದು ಏನೆಂದರೆ, ಆ ಮನುಷ್ಯ ಏನೂ ಅರಿಯದವನ ಮುಖ ಮಾಡಿಕೊಂಡು ಬದನೆಕಾಯಿ ಬಗ್ಗೆಯೋ ಬಾವಿ ಬಗ್ಗೆಯೋ ಮಾತಾಡುತ್ತಿದ್ದರೆ ಇಡೀ ಟಾಕೀಸು ಬಿದ್ದು ಬಿದ್ದು ನಗುತ್ತಿತ್ತು. ಕತ್ತರಿ ಎಲ್ಲಿಡುತ್ತೀರಿ? ಮಾತು ಶುದ್ಧವಾಗಿಯೇ ಇದೆ. ಹೊಲಸು ಇರೋದು ಕೇಳುವವನ ಕಿವಿಯಲ್ಲಿ.

ಧಾರವಾಡ_ಫೇಡೆ:
ಹಾಸನದ ಸಾಹೇಬ್ರು ಖರೇ ಹೇಳಿದ್ರಿ. ನಮ್ಮ ಕಡೆ ಬನದ ಹುಣ್ಣಿವಿಗೆ ಬಾದಾಮಿ ಬನಶಂಕರಿ ಜಾತ್ರಿ ಆಗ್ತದ ನೋಡ್ರಿ. ನಾಟಕ ಕಂಪನಿಗಳು ತಗಡಿನ ಶೆಡ್ ಹಾಕಿ ತಿಂಗಳುಗಟ್ಟಲೆ ಆಟ ಆಡ್ತಾವು. ಬೋರ್ಡ್ ಮ್ಯಾಲಿನ ಹೆಸರು ಓದಿದ್ರ ಸಾಕು, ನಗಿ ಬರ್ತದ. ಹಾಸ್ಯ ಪಾತ್ರದಾಂವ ಒಂದು ಮಾತು ಒಗದ್ನಂದ್ರ, ಮುಂದ ಕುಂತ ಅಜ್ಜಿಗೋಳು ಸೆರಗು ಬಾಯಿಗೆ ಇಟ್ಟು ನಗ್ತಾರ. ನಮ್ಮಜ್ಜಿ ಅಂತೂ ನಾಟಕ ಮುಗಿದು ಚಕ್ಕಡಿ ಹತ್ತೂತನಾ ಅದ ಡೈಲಾಗ್ ಹೇಳಿ ಹೇಳಿ ನಕ್ಕಿದ್ಲು. ಮನಿಗೆ ಬಂದು ನಾವು ಅದನ್ನ ಅಂದ್ರ ಬೆನ್ನಿಗೆ ಗುದ್ದು!

ಮೈಸೂರು_ಮಂಜುಳ:
ನೀವೆಲ್ಲ ಡಬಲ್ ಮೀನಿಂಗ್‌ಗೆ ಇಷ್ಟು ಹೂಮಾಲೆ ಹಾಕುತ್ತಿದ್ದೀರಿ. ಸ್ವಲ್ಪ ನಿಲ್ಲಿ. ಆ ಜೋಕುಗಳಲ್ಲಿ ಮುಕ್ಕಾಲು ಪಾಲು ಮನೆ ಕೆಲಸದವಳ ಮೇಲೆ, ದಪ್ಪ ಹೆಂಗಸಿನ ಮೇಲೆ, ನಾದಿನಿಯ ಮೇಲೆ. ನಾನು ಪೋಲಿ ಕಾಮಿಡಿ ನೋಡುತ್ತೇನೆ, ನಗುತ್ತೇನೆ, ಮಡಿವಂತಿಕೆ ಏನಿಲ್ಲ. ಆದರೆ ಕತ್ತರಿಯ ತಮಾಷೆ ಗಮನಿಸಿ. ಗಂಡ ಹೆಂಡತಿ ಮನಸ್ಸಿಟ್ಟು ಮುತ್ತು ಕೊಟ್ಟರೆ ಅದು ಹೋಗುತ್ತದೆ. ಬಸ್ಸಿನಲ್ಲಿ ಹುಡುಗಿಯನ್ನು ಸವರುವ 'ಕಾಮಿಡಿ' ಹಾಗೇ ಉಳಿಯುತ್ತದೆ, ಯು/ಎ ಅಂತ ಮನೆಮಂದಿಯೆಲ್ಲ ನೋಡುತ್ತಾರೆ. ಮೊದಲ ಪೋಸ್ಟಿನವರು ಹೇಳಿದ್ದೂ ಅದೇ ತಾನೇ? ಕಳ್ಳನ ಚಟ ಕತ್ತರಿಸಿ, ಕಳ್ಳತನ ಉಳಿಸಿದರು.

ಕುಡ್ಲದ_ಪೋಕ್ರಿ:
@ಮೈಸೂರು_ಮಂಜುಳ ಅಕ್ಕಾ, ನಾನು ಅರ್ಧ ಪುಟ ಒದ್ದಾಡಿ ಬರೆದದ್ದನ್ನು ನೀವು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಿ.

ಹಳೇ_ಹಾಸನ:
ಮಂಜುಳ ಅವರ ಮಾತು ಒಪ್ಪಿದೆ. ಆದರೆ 'ಅನುಭವ'ದಲ್ಲಿ ಉಮಾಶ್ರೀಯವರೇ ಎಲ್ಲರನ್ನೂ ತಿಂದುಹಾಕಿದ್ದರು ಅನ್ನೋದು ನೆನಪಿರಲಿ.

ಮೈಸೂರು_ಮಂಜುಳ:
ಉಮಾಶ್ರೀ ವಿಷಯಕ್ಕೆ ನಾನು ಜಗಳ ಆಡಲ್ಲ ಸಾರ್. ಅವರು ಯಾರನ್ನು ಬೇಕಾದರೂ ತಿಂದುಹಾಕುತ್ತಾರೆ.

ವಿಮಾನದ_ವೆಂಕಿ:
ವಿಮಾನದಲ್ಲಿ ನೋಡಿದ್ದೀರಾ ಯಾರಾದರೂ? ಕೆಲವು ಸಲ ಅದಕ್ಕೇ ಅಂತ ಬೇರೆ ಆವೃತ್ತಿ ಇರುತ್ತದೆ. ಬೈಗುಳದ ಜಾಗದಲ್ಲಿ ಬೇರೆ ಪದ ಡಬ್ ಮಾಡಿರುತ್ತಾರೆ. ಕೊಲೆಗಡುಕ ಪಿಸ್ತೂಲು ಹಿಡಿದು ಒಳ್ಳೆ ಶಿಶುವಿಹಾರದ ಮಿಸ್ ಥರ ಬೈತಾನೆ. ಪಕ್ಕದಲ್ಲಿ ಕೂತಿದ್ದ ಅಜ್ಜ ನನ್ನ ಸ್ಕ್ರೀನ್ ನೋಡುತ್ತಿದ್ದರು. ಅಂಥ ಸಮಯದಲ್ಲಿ ಈ ಆವೃತ್ತಿ ದೇವರು ಕೊಟ್ಟ ವರ.

ರೀಲ್_ರಂಗ:
ಕತ್ತರಿ ಬಿಡಿ, ಈಗ ಬಟ್ಟೆ ಹೊಲಿಯುವ ಕಾಲ. 2023ರಲ್ಲಿ 'ಓಪನ್‌ಹೈಮರ್' ಇಲ್ಲಿ ಬಂದಾಗ ನಟಿ ಫ್ಲಾರೆನ್ಸ್ ಪ್ಯೂಗೆ ಕಂಪ್ಯೂಟರ್‌ನಲ್ಲೇ ಒಂದು ಕಪ್ಪು ಫ್ರಾಕು ತೊಡಿಸಿದ್ದರು. ನಾನು ನಿಜವಾದ ಬಟ್ಟೆ ಅಂದುಕೊಂಡೇ ನೋಡಿ ಬಂದೆ. ಆಮೇಲೆ ಗೊತ್ತಾಯಿತು.

ಇದಕ್ಕೆಲ್ಲ ಒಪ್ಪದವರೂ ಇದ್ದಾರೆ. 2012ರಲ್ಲಿ ನಿರ್ದೇಶಕ ಡೇವಿಡ್ ಫಿಂಚರ್ ತನ್ನ 'ದಿ ಗರ್ಲ್ ವಿತ್ ದ ಡ್ರ್ಯಾಗನ್ ಟ್ಯಾಟೂ'ಗೆ ಬೋರ್ಡ್ ಹೇಳಿದ ಕಟ್ ಮಾಡಲ್ಲ ಅಂದ. ಸಿನಿಮಾ ಇಲ್ಲಿ ಬಿಡುಗಡೆಯೇ ಆಗಲಿಲ್ಲ.

ಸಾಗರದ_ಸೊಸೆ:
ಆ ಫ್ರಾಕು ಹೊಲಿದ ಟೈಲರ್ ನಂಬರ್ ಕೊಡಿ. ನಮ್ಮೂರಿನವನು ಬ್ಲೌಸಿಗೆ ಮೂರು ವಾರ ತಗೋತಾನೆ.

ಚನ್ನಗಿರಿ_ಚಂದ್ರು:
ತಡವಾಗಿ ಬಂದೆ. ಕತ್ತರಿ ಬಗ್ಗೆ ಚರ್ಚೆ ಅಂತ ನೋಡಿ ಒಂದು ದೂರು. ನಾನು ಹೋದ ವಾರ ಇಲ್ಲೇ ಪ್ರವಾಸದ ವಿಭಾಗದಲ್ಲಿ ನಮ್ಮೂರ ಕೆರೆ ಬಗ್ಗೆ ಬರೆದೆ. ಸರ್ಕಾರದ ಬೋರ್ಡಿನಲ್ಲಿ ಶಾಂತಿಸಾಗರ ಅಂತ ಇದೆ. ಊರಿನವರು ಅನ್ನೋದು ****ಕೆರೆ. ಅದೇ ಹಳೇ ಹೆಸರು, ಎಲ್ಲರಿಗೂ ಗೊತ್ತು. ಬರೆದಾಗಲೆಲ್ಲ ಹೀಗೆ ನಕ್ಷತ್ರ ಹಾಕುತ್ತದೆ. ನೋಡಿ, ಈಗಲೂ ಹಾಕಿದೆ! ನಾನು ಬೈಯುತ್ತಿಲ್ಲ ಸ್ವಾಮಿ, ಕೆರೆ ಹೆಸರು ಹೇಳುತ್ತಿದ್ದೇನೆ.

ಜಯನಗರದ_ಜಂಭ:
ನಿಮ್ಮ ಆ ಪ್ರವಾಸದ ಪೋಸ್ಟಿನ ಕೆಳಗೆ ಮೂರು ಜನ ಆಗಲೇ "ಯಾವ ಕೆರೆ?" ಅಂತ ಕೇಳಿದ್ದಾರೆ. ಸಾಗರದ ಅತ್ತೆ ಕಥೆನೇ ಇದು.

ನಿರ್ವಾಹಕ:
ಕ್ಷಮಿಸಿ ಚಂದ್ರು ಅವರೇ. ಅದು ಫಿಲ್ಟರ್ ತಾನಾಗಿಯೇ ಮಾಡುವ ಕೆಲಸ. ಸರಿ ಮಾಡಲು ಹೇಳಿದ್ದೇವೆ. ಸದ್ಯಕ್ಕೆ ಶಾಂತಿಸಾಗರ ಅಂತ ಬರೆಯಿರಿ.

ಚನ್ನಗಿರಿ_ಚಂದ್ರು:
ಶಾಂತಿಸಾಗರಕ್ಕೆ ಹೋಗೋದು ಹೇಗೆ ಅಂದರೆ ನಮ್ಮೂರ ಹಳಬರು ದಾರಿನೇ ಹೇಳಲ್ಲ ಸಾರ್.

ಆಪರೇಟರ್_ತುಮಕೂರು:
ಪುಟದ ಎಡಗಡೆ ಕೆಳಮೂಲೆಯಲ್ಲಿ ಒಂದು ತ್ರಿಕೋನ ಹಾಕಿಬಿಡಿ.